ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ತೋಟ ಸಿಗುತ್ತಾ?

ಒಂದು ಸಣ್ಣ ಪರೀಕ್ಷೆ ಮಾಡೋಣ. ಫೋನ್ ಹೇಗೂ ಕೈಯಲ್ಲೇ ಇದೆ. ಗೂಗಲ್ ತೆರೆದು ನೀವು ಬೆಳೆಯೋದರ ಹೆಸರು, ಅದರ ಪಕ್ಕದಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಬರೆದು ಹುಡುಕಿ. ‘ಹಲಸಿನ ಕಸಿ ಗಿಡ ಗುಬ್ಬಿ’, ‘ಬೆಲ್ಲ ಮಂಡ್ಯ’, ‘ಜೇನುತುಪ್ಪ ಶಿರಸಿ’, ಹೀಗೆ ನಿಮ್ಮದು ಏನಿದೆಯೋ ಅದು. ಮೊದಲು ಬರೋ ಹತ್ತು ಹೆಸರಲ್ಲಿ ನಿಜವಾಗಿ ಬೆಳೆಯೋರು ಎಷ್ಟು ಜನ ಇದ್ದಾರೆ ನೋಡಿ.

ಬಹಳಷ್ಟು ಸಲ ಮೇಲೆ ಕಾಣೋದು ಊರೂರಿನ ಮಾರಾಟಗಾರರ ಪಟ್ಟಿ ಇಟ್ಟುಕೊಂಡ ದೊಡ್ಡ ವೆಬ್‌ಸೈಟುಗಳು, ಆಮೇಲೆ ಆನ್‌ಲೈನ್ ಅಂಗಡಿಗಳು, ನಡುವೆ ಒಂದೆರಡು ಯೂಟ್ಯೂಬ್ ವಿಡಿಯೊ. ಪಟ್ಟಿಯ ವೆಬ್‌ಸೈಟಿಗೆ ಹೋದ ಗಿರಾಕಿ ಅಲ್ಲಿ ತನ್ನ ಫೋನ್ ನಂಬರ್ ಕೊಡ್ತಾನೆ. ಆ ನಂಬರು ದುಡ್ಡು ಕಟ್ಟಿದ ವ್ಯಾಪಾರಿಗಳಿಗೆ ‘ಲೀಡ್’ ಅನ್ನೋ ಹೆಸರಲ್ಲಿ ಹೋಗುತ್ತೆ. ಅವರಲ್ಲೇ ಒಬ್ಬ ನಿಮ್ಮ ಹತ್ತಿರ ಗಿಡ ತಗೊಂಡು, ಒಂದಕ್ಕೆ ಎರಡು ರೇಟು ಹಾಕಿ ಅದೇ ಗಿರಾಕಿಗೆ ಮಾರಿದರೂ ಆಶ್ಚರ್ಯವಿಲ್ಲ. ಗಿರಾಕಿ ಹುಡುಕಿದ್ದು ಬೆಳೆಗಾರನನ್ನು, ಸಿಕ್ಕಿದ್ದು ಮಧ್ಯದವನು.

ಹುಡುಕುವವರಿಗೆ ನಮ್ಮ ಪುಟ ಸಿಗೋ ಹಾಗೆ ಮಾಡೋ ಕೆಲಸಕ್ಕೆ ಸರ್ಚ್ ಎಂಜಿನ್ ಆಪ್ಟಿಮೈಸೇಶನ್ ಅಂತಾರೆ, ಚಿಕ್ಕದಾಗಿ ಎಸ್‌ಇಒ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಾನು ಓದಿದ್ದು ತೋಟಗಾರಿಕೆ ಬಿ.ಎಸ್ಸಿ., ಮಾಡ್ತಿರೋದು ತುಮಕೂರು ಸೀಮೆಯಲ್ಲಿ ಸಾವಯವ ಹಲಸು, ಬೆಣ್ಣೆಹಣ್ಣು ಮತ್ತು ಒಂದು ಸಣ್ಣ ನರ್ಸರಿ. ಗಿಡ ಮಾರೋಕೆ ಎಷ್ಟು ಬೇಕೋ ಅಷ್ಟು ಎಸ್‌ಇಒ ಕಲಿತಿದ್ದೀನಿ. ಶುರು ಮಾಡೋರಿಗೆ ಅಷ್ಟು ಸಾಕು.

ಇದು ಎಲ್ಲರಿಗೂ ಬೇಕಾದ್ದಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಟೊಮೆಟೊ ಲೋಡ್ ಮಾಡಿ ಮಂಡಿಗೆ ಕಳಿಸೋರಿಗೆ, ಎಪಿಎಂಸಿಯಲ್ಲಿ ರಾಗಿ ಮಾರೋರಿಗೆ ಗೂಗಲ್‌ನಲ್ಲಿ ಹೆಸರು ಬಂದರೆ ಕ್ವಿಂಟಾಲಿಗೆ ಒಂದು ರೂಪಾಯಿಯೂ ಹೆಚ್ಚಾಗಲ್ಲ. ಗಿಡ, ಹಣ್ಣಿನ ಬಾಕ್ಸ್, ಗಾಣದ ಎಣ್ಣೆ, ಜೇನು, ಬೆಲ್ಲ, ನಾಟಿ ಕೋಳಿ, ಕುರಿಮರಿ, ತೋಟದ ಮನೆ ವಾಸ್ತವ್ಯ, ಇಂಥದ್ದನ್ನು ನೇರವಾಗಿ ಗಿರಾಕಿಗೆ ಮಾರೋರಾದರೆ ಮುಂದೆ ಓದಿ.

ಗೂಗಲ್ ಒಳಗೆ ಏನು ನಡೆಯುತ್ತೆ

ನೀವು ಹುಡುಕು ಅಂತ ಒತ್ತಿದ ಕ್ಷಣ ಗೂಗಲ್ ಇಡೀ ಇಂಟರ್ನೆಟ್ ಜಾಲಾಡಲ್ಲ. ಅದರ ಗೂಗಲ್‌ಬಾಟ್ ಅನ್ನೋ ಪ್ರೋಗ್ರಾಂ ಹಗಲು ರಾತ್ರಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಲಿಂಕ್ ಹಿಡಿದು ಹೋಗ್ತಾ ಓದ್ತಾ ಇರುತ್ತೆ. ಓದಿದ್ದನ್ನು ದೊಡ್ಡ ಸೂಚಿಯಲ್ಲಿ ಬರೆದಿಟ್ಟುಕೊಳ್ಳುತ್ತೆ, ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಅಂತ ಪಟ್ಟಿ ಇರುತ್ತಲ್ಲ, ಹಾಗೆ. ನೀವು ಹುಡುಕಿದಾಗ ಆ ಸೂಚಿಯಿಂದ ಸರಿಹೊಂದೋದನ್ನ ಆರಿಸಿ ಸಾಲಾಗಿ ನಿಲ್ಲಿಸುತ್ತೆ. ಯಾರು ಮುಂದೆ, ಯಾರು ಹಿಂದೆ ಅನ್ನೋದಕ್ಕೆ ನೂರೆಂಟು ಲೆಕ್ಕಾಚಾರ ಇದೆ. ಆದರೆ ಸೂಚಿಯಲ್ಲೇ ಇಲ್ಲದ ಪುಟಕ್ಕೆ ಸಾಲಿನಲ್ಲಿ ಜಾಗವೇ ಇರಲ್ಲ.

ನಮ್ಮ ಹುಡುಗರ ಮುಖ್ಯ ತೊಂದರೆ ಇಲ್ಲೇ ಇದೆ. ನಾವು ದಿನಾ ವಾಟ್ಸಾಪ್ ಸ್ಟೇಟಸ್ ಹಾಕ್ತೀವಿ. 24 ಗಂಟೆಗೆ ಅದು ಮಾಯ, ಗೂಗಲ್‌ಗೆ ಅದು ಕಾಣೋದೇ ಇಲ್ಲ. ನಮ್ಮ ನಂಬರ್ ಈಗಾಗಲೇ ಇರೋರು ಮಾತ್ರ ನೋಡ್ತಾರೆ. ಸ್ಟೇಟಸ್ ಬೇಡ ಅನ್ನಲ್ಲ, ಹಳೇ ಗಿರಾಕಿಗೆ ಅದು ಒಳ್ಳೇದು. ನಿಮ್ಮ ಪರಿಚಯವೇ ಇಲ್ಲದ ಹೊಸಬ ಬರಬೇಕಾದರೆ ಗೂಗಲ್ ಓದೋಕೆ ಆಗೋ ಜಾಗದಲ್ಲಿ ನಿಮ್ಮ ಮಾಹಿತಿ ಇರಬೇಕು.

ನಿಮ್ಮ ಹೆಸರಲ್ಲ, ಗಿರಾಕಿ ಬಾಯಲ್ಲಿರೋ ಹೆಸರು

ಎಸ್‌ಇಒದಲ್ಲಿ ಕಲಿಯಬೇಕಾದ ಒಂದೇ ಒಂದು ವಿಷಯ ಹೇಳಿ ಅಂದರೆ ನಾನು ಇದನ್ನೇ ಹೇಳೋದು. ಉಳಿದಿದ್ದನ್ನು ಯಾರ ಕೈಲಾದರೂ ಮಾಡಿಸಬಹುದು, ಇದನ್ನು ಬೆಳೆಗಾರನೇ ಮಾಡಬೇಕು.

ಕಾಲೇಜಿನಲ್ಲಿ ನಾವು ಪರ್ಸಿಯಾ ಅಮೆರಿಕಾನಾ ಅಂತ ಬರೆದು ಅಂಕ ತಗೊಂಡೆವು. ನಮ್ಮ ಕಡೆ ಜನ ಅದನ್ನ ಬೆಣ್ಣೆಹಣ್ಣು ಅಂತಾರೆ. ಬೆಂಗಳೂರಿನ ಜ್ಯೂಸ್ ಅಂಗಡಿಯವರು ಬಟರ್ ಫ್ರೂಟ್ ಅಂತಾರೆ. ಅಪಾರ್ಟ್‌ಮೆಂಟಿನ ಹುಡುಗಿ ಬ್ರೆಡ್ ಮೇಲೆ ಹಚ್ಚಿಕೊಳ್ಳೋಕೆ ಅವಕಾಡೊ ಅಂತ ಹುಡುಕ್ತಾಳೆ. ಗಿಡ ನೆಡೋಕೆ ಹೊರಟ ರೈತ ‘ಬಟರ್ ಫ್ರೂಟ್ ಗಿಡ’ ಅಂತ ಬರೀತಾನೆ. ಹಣ್ಣು ಒಂದೇ, ಹುಡುಕಾಟ ನಾಲ್ಕು. ನಿಮ್ಮ ಪುಟದಲ್ಲಿ ಬರೀ ‘ಬೆಣ್ಣೆಹಣ್ಣು’ ಅಂತಿದ್ದರೆ ಉಳಿದ ಮೂರು ಜನಕ್ಕೆ ನೀವು ಸಿಗೋದು ಕಷ್ಟ. ಗೂಗಲ್‌ಗೆ ಸಮಾನ ಪದಗಳು ಸ್ವಲ್ಪ ಅರ್ಥವಾಗ್ತವೆ, ಆದರೆ ನಮ್ಮ ಊರ ಪದಗಳಲ್ಲಿ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ.

ನುಗ್ಗೆ ಇನ್ನೂ ಮಜವಾಗಿದೆ. ಸಾಂಬಾರಿಗೆ ಬೇಕಾದವರು ಡ್ರಮ್‌ಸ್ಟಿಕ್ ಅಂತ ಹುಡುಕ್ತಾರೆ. ಸೊಪ್ಪಿನ ಪುಡಿ ಬೇಕಾದವರು ಮೊರಿಂಗಾ ಪೌಡರ್ ಅಂತಾರೆ. ಒಂದೇ ಮರದ ಎರಡು ಹೆಸರಿನ ಹಿಂದೆ ಇರೋ ಗಿರಾಕಿಗಳೂ ಬೇರೆ, ಅವರು ಕೊಡೋ ರೇಟೂ ಬೇರೆ. ಏಲಕ್ಕಿ ಬಾಳೆ ಅಂತ ಕೇಳೋರು, ಪುಟ್ಟಬಾಳೆ ಅಂತ ಕೇಳೋರು ಹಾಗೆಯೇ.

ಇದರ ಮೇಲೆ ಬರವಣಿಗೆಯ ಗೊಂದಲ. ಕನ್ನಡಿಗರು ಹುಡುಕೋದು ಮೂರು ರೀತಿಯಲ್ಲಿ: ಕನ್ನಡ ಅಕ್ಷರದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ, ಪೂರ್ತಿ ಇಂಗ್ಲಿಷ್‌ನಲ್ಲಿ. ಮೈಕ್ ಒತ್ತಿ ಮಾತಾಡಿ ಹುಡುಕೋರು ಬೇರೆ. ಹಾಗಂತ ಎಲ್ಲಾ ಪದಗಳನ್ನೂ ಸಾಲಾಗಿ ಪುಟದ ಕೆಳಗೆ ತುರುಕಬೇಡಿ. ಅದಕ್ಕೆ ಕೀವರ್ಡ್ ಸ್ಟಫಿಂಗ್ ಅಂತಾರೆ, ಗೂಗಲ್ ಅದನ್ನು ಮೋಸದ ಲೆಕ್ಕಕ್ಕೆ ಸೇರಿಸುತ್ತೆ. ಸಹಜವಾಗಿ ಬರೆಯಿರಿ: ‘ನಾವು ಬೆಣ್ಣೆಹಣ್ಣು ಅನ್ನೋದನ್ನ ಪೇಟೆಯಲ್ಲಿ ಬಟರ್ ಫ್ರೂಟ್, ಅವಕಾಡೊ ಅಂತಾರೆ’. ಒಂದೇ ವಾಕ್ಯದಲ್ಲಿ ಮೂರೂ ಬಂತು. ಕೆಳಗೆ ಅದೇ ವಿವರವನ್ನು ನಾಲ್ಕೈದು ಸಾಲು ಇಂಗ್ಲಿಷ್‌ನಲ್ಲೂ ಹಾಕಿ.

ಜನ ಏನು ಹುಡುಕ್ತಾರೆ ಅಂತ ತಿಳಿಯೋಕೆ ದುಡ್ಡಿನ ಸಾಫ್ಟ್‌ವೇರ್ ಬೇಡ. ಗೂಗಲ್‌ನಲ್ಲಿ ‘ಹಲಸಿನ ಗಿಡ’ ಅಂತ ಅರ್ಧ ಬರೆದು ನಿಲ್ಲಿಸಿ. ಕೆಳಗೆ ತಾನಾಗೇ ಉದ್ದದ ಸಾಲುಗಳು ಬರ್ತವೆ, ಅವು ಜನ ನಿಜವಾಗಿ ಹುಡುಕಿರೋವು. ಗೂಗಲ್ ಟ್ರೆಂಡ್ಸ್ ಅಂತ ಇನ್ನೊಂದು ಉಚಿತ ಸೌಲಭ್ಯ ಇದೆ. ಅದರಲ್ಲಿ ಎರಡು ಪದ ಹಾಕಿ, ಜಾಗ ಕರ್ನಾಟಕ ಅಂತ ಆರಿಸಿದರೆ ಯಾವುದನ್ನ ಹೆಚ್ಚು ಹುಡುಕ್ತಾರೆ, ಯಾವ ತಿಂಗಳಲ್ಲಿ ಏರುತ್ತೆ ಅಂತ ಗೆರೆ ಎಳೆದು ತೋರಿಸುತ್ತೆ. ಎಲ್ಲಕ್ಕಿಂತ ಒಳ್ಳೇದು ನಿಮ್ಮ ವಾಟ್ಸಾಪ್. ಗಿರಾಕಿ ಮೊದಲ ಮೆಸೇಜಿನಲ್ಲಿ ಏನಂತ ಕೇಳಿದ್ದಾನೆ ಅಂತ ಹಿಂದಕ್ಕೆ ಹೋಗಿ ಓದಿ. ಅದೇ ಪದಗಳನ್ನೇ ಅವನು ಗೂಗಲ್‌ನಲ್ಲೂ ಹಾಕಿರೋದು.

ಇನ್ನೊಂದು ಮಾತು, ತಳಿಯ ಹೆಸರಿನ ಬಗ್ಗೆ. ‘ಹಲಸಿನ ಗಿಡ’ ಅಂತ ಹುಡುಕಿದರೆ ದೊಡ್ಡ ವೆಬ್‌ಸೈಟುಗಳ ಜೊತೆ ನಾವು ಗುದ್ದಾಡಬೇಕು. ನಿರ್ದಿಷ್ಟ ಹೆಸರು, ಊರು ಸೇರಿದ ಕೂಡಲೇ ಪೈಪೋಟಿ ಕಡಿಮೆ, ಬರೋ ಗಿರಾಕಿಯೂ ಕೊಳ್ಳಬೇಕು ಅಂತಲೇ ಬರೋನು. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಕೆಂಪು ತೊಳೆಯ ಹಲಸಿನ ಮರಕ್ಕೆ ಐಐಎಚ್‌ಆರ್ ‘ಸಿದ್ದು’ ಅನ್ನೋ ಹೆಸರು ಕೊಟ್ಟು, ಗಿಡ ಮಾರೋ ಬಗ್ಗೆ ಆ ರೈತರ ಜೊತೆ ಒಪ್ಪಂದ ಮಾಡಿಕೊಂಡಿದ್ದು ನಿಮಗೆ ಗೊತ್ತಿರಬಹುದು. ಹೆಸರಿಲ್ಲದಿದ್ದಾಗ ಅದು ಊರಿನ ಒಂದು ಮರ. ಹೆಸರು ಬಂದ ಮೇಲೆ ಜನ ಆ ಹೆಸರನ್ನೇ ಬರೆದು ಹುಡುಕ್ತಾರೆ.

ಆದರೆ ಬೇಡಿಕೆ ಇದೆ ಅಂತ ಯಾವುದೋ ಕೆಂಪು ಹಲಸಿನ ಸಸಿಗೆ ಸಿದ್ದು ಅಂತ ಬರೆಯೋದು ಶುದ್ಧ ಮೋಸ. ಕಸಿ ಹಲಸು ಹಣ್ಣು ತೋರಿಸೋಕೆ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷ ಬೇಕು. ಅಷ್ಟು ವರ್ಷ ನೀರು ಗೊಬ್ಬರ ಹಾಕಿದ ಮೇಲೆ ನೆಟ್ಟವನಿಗೆ ಮೋಸ ಗೊತ್ತಾಗುತ್ತೆ. ನಿಮ್ಮ ಹತ್ತಿರ ಇರೋದು ನಿಮ್ಮ ತೋಟದ್ದೇ ಒಳ್ಳೇ ಮರವಾದರೆ, ಅದರ ಬಣ್ಣ, ತೂಕ, ರುಚಿ, ಯಾವ ತಿಂಗಳು ಹಣ್ಣಾಗುತ್ತೆ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ‘ಸಾವಯವ’ ಅನ್ನೋ ಪದಕ್ಕೂ ಇದೇ ಮಾತು. ಪಿಜಿಎಸ್ ಅಥವಾ ಬೇರೆ ಸರ್ಟಿಫಿಕೇಟ್ ಇದ್ದರೆ ಅದರ ಹೆಸರು ಹೇಳಿ. ಇಲ್ಲದಿದ್ದರೆ ಏನು ಹಾಕ್ತೀರಿ, ಏನು ಹಾಕಲ್ಲ ಅಂತ ಬಿಡಿಸಿ ಹೇಳಿ.

ನಕ್ಷೆಯಲ್ಲಿ ಮೊದಲು ಸೇರಿ

ವೆಬ್‌ಸೈಟ್ ಮಾಡೋಕೆ ಮುಂಚೆ ಗೂಗಲ್ ಬ್ಯುಸಿನೆಸ್ ಪ್ರೊಫೈಲ್ ಮಾಡಿ. ಉಚಿತ. ಮ್ಯಾಪ್‌ನಲ್ಲಿ ನರ್ಸರಿ, ಅಂಗಡಿ ಹೆಸರು ಒತ್ತಿದರೆ ಫೋಟೊ, ಫೋನ್ ನಂಬರ್, ದಾರಿ ಬರುತ್ತಲ್ಲ, ಅದೇ. ಗಿರಾಕಿ ನಿಮ್ಮ ಜಾಗಕ್ಕೆ ಬರಬೇಕು, ಇಲ್ಲಾ ನೀವು ಅವನ ಮನೆಗೆ ಹೋಗಿ ಕೊಡಬೇಕು. ಬರೀ ಆನ್‌ಲೈನ್ ಆರ್ಡರ್ ತಗೊಂಡು ಕೊರಿಯರ್ ಮಾಡೋರಿಗೆ ಇದು ಇಲ್ಲ. ತೋಟದ ಮನೆಯ ವಿಳಾಸ ತೋರಿಸೋಕೆ ಇಷ್ಟವಿಲ್ಲದೆ, ತಲುಪಿಸಿ ಮಾತ್ರ ಬರೋರು ವಿಳಾಸ ಮರೆಮಾಡಿ ಯಾವ ಯಾವ ಊರಿಗೆ ಕೊಡ್ತೀರಿ ಅಂತಷ್ಟೇ ಹಾಕಬಹುದು.

ಹತ್ತಿರದ ಹುಡುಕಾಟದಲ್ಲಿ ಗೂಗಲ್ ಮುಖ್ಯವಾಗಿ ಮೂರು ನೋಡುತ್ತೆ ಅಂತ ಅದೇ ಹೇಳಿಕೊಂಡಿದೆ: ಹುಡುಕಿದ್ದಕ್ಕೂ ನಿಮಗೂ ಎಷ್ಟು ಸಂಬಂಧ, ನೀವು ಎಷ್ಟು ದೂರ, ನಿಮ್ಮ ಹೆಸರು ಜನರಲ್ಲಿ ಎಷ್ಟು ಓಡಾಡುತ್ತಿದೆ. ದೂರ ನಮ್ಮ ಕೈಲಿಲ್ಲ. ಸಂಬಂಧ ಕೈಲಿದೆ, ವರ್ಗ ಆರಿಸುವಾಗ ನರ್ಸರಿಯಾದರೆ ನರ್ಸರಿ ಅಂತಲೇ ಆರಿಸಿ. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರೋ ಹೆಸರು ಮಾತ್ರ ಹಾಕಿ. ‘ಶ್ರೀ ರಂಗನಾಥ ನರ್ಸರಿ ಬೆಸ್ಟ್ ಹಲಸು ಮಾವು ಗಿಡ ತುಮಕೂರು’ ಅಂತ ರೈಲು ಬಿಡೋದು ಅವರ ನಿಯಮಕ್ಕೆ ವಿರುದ್ಧ, ಪ್ರೊಫೈಲನ್ನೇ ನಿಲ್ಲಿಸಿಬಿಡಬಹುದು.

ಈಗ ಹೆಚ್ಚಾಗಿ ವಿಡಿಯೊ ಕೇಳಿ ಖಾತ್ರಿ ಮಾಡಿಕೊಳ್ತಾರೆ. ರಸ್ತೆಯಿಂದ ಶುರು ಮಾಡಿ ಬೋರ್ಡ್, ಗೇಟು, ಒಳಗಿನ ಕೆಲಸ ಎಲ್ಲಾ ನಿಲ್ಲಿಸದೆ ತೋರಿಸಬೇಕು. ಬೋರ್ಡ್ ಇಲ್ಲದಿದ್ದರೆ ಮೊದಲು ಪೇಂಟರ್ ಕರೆಸಿ ಬರೆಸಿ, ಆಮೇಲೆ ಅರ್ಜಿ ಹಾಕಿ. ಪಿನ್ ಸರಿಯಾಗಿ ಕೂತಿದೆಯಾ ಅಂತ ಖುದ್ದು ನೋಡಿ. ಹಳ್ಳಿ ವಿಳಾಸ ಹಾಕಿದರೆ ಗೂಗಲ್ ಪಿನ್ನನ್ನು ಊರ ಮಧ್ಯೆ ಮಾರಮ್ಮನ ಗುಡಿ ಹತ್ತಿರ ತಂದು ನಿಲ್ಲಿಸೋದು ಉಂಟು. ಬೆಂಗಳೂರಿಂದ ಕಾರಲ್ಲಿ ಬಂದವನು ಗುಡಿ ಸುತ್ತಾ ಎರಡು ಸುತ್ತು ಹಾಕಿ ವಾಪಸ್ ಹೋಗ್ತಾನೆ.

ಗಿಡ ತಗೊಂಡವರ ಹತ್ತಿರ ವಿಮರ್ಶೆ ಬರೆಯಿರಿ ಅಂತ ಬಾಯಿ ಬಿಟ್ಟು ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ಬದಲಿಗೆ ಒಂದು ಗಿಡ ಫ್ರೀ, ರಿಯಾಯಿತಿ ಅಂತೆಲ್ಲಾ ಆಸೆ ತೋರಿಸೋಹಾಗಿಲ್ಲ. ಯಾರಾದರೂ ‘ಗಿಡ ಸತ್ತೋಯ್ತು’ ಅಂತ ಒಂದು ಸ್ಟಾರ್ ಕೊಟ್ಟರೆ ಜಗಳಕ್ಕೆ ಇಳಿಯಬೇಡಿ. ಯಾವಾಗ ನೆಟ್ಟಿರಿ, ನೀರು ನಿಂತಿತ್ತಾ ಅಂತ ಅಲ್ಲೇ ಕೇಳಿ, ಸಾಧ್ಯವಾದರೆ ಬದಲಿ ಕೊಡಿ. ಮುಂದೆ ಬರೋ ನೂರು ಜನ ಆ ಉತ್ತರ ಓದ್ತಾರೆ.

ಪುಟ ಬರೆಯುವಾಗ

ಬ್ಲಾಗರ್, ಗೂಗಲ್ ಸೈಟ್ಸ್ ಎರಡೂ ಉಚಿತ, ಫೋನಲ್ಲೇ ಮಾಡಬಹುದು. ಶುರುವಿಗೆ ಒಂದು ಬೆಳೆಗೆ ಒಂದು ಪುಟ ಸಾಕು.

ನಾವೆಲ್ಲಾ ಮಾಡೋ ಕೆಲಸ ಅಂದರೆ ಬಣ್ಣಬಣ್ಣದ ಪೋಸ್ಟರ್ ಮಾಡಿಸಿ, ರೇಟು, ನಂಬರ್ ಎಲ್ಲಾ ಅದರಲ್ಲೇ ಹಾಕೋದು. ಗೂಗಲ್ ಆ ಚಿತ್ರವನ್ನು ನಿಮ್ಮ ಬರಹದಂತೆ ಓದುತ್ತೆ ಅಂತ ನಂಬಿ ಕೂರಬೇಡಿ. ಹೆಸರು, ಊರು, ರೇಟು, ಫೋನ್ ಎಲ್ಲಾ ಟೈಪ್ ಮಾಡಿದ ಅಕ್ಷರದಲ್ಲಿ ಇರಲಿ. ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ನೇರ ತಂದು ಅಂಟಿಸಿದರೆ ಇನ್ನೂ ಕಷ್ಟ. ಯೂನಿಕೋಡ್ ಅಲ್ಲದ ಕನ್ನಡ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಅದರಲ್ಲಿ ‘ಹಲಸು’ ಅನ್ನೋ ಪದವೇ ಇರಲ್ಲ. ಯೂನಿಕೋಡ್‌ಗೆ ಬದಲಿಸಿಕೊಡಿ ಅಂತ ಅಂಗಡಿಯವರನ್ನೇ ಕೇಳಿ. ನಿಮ್ಮ ಫೋನಿನ ಕೀಬೋರ್ಡಿನಲ್ಲಿ ಬರೆದರೆ ಆ ತಲೆನೋವೇ ಇಲ್ಲ, ಅದು ಯೂನಿಕೋಡೇ.

ಶೀರ್ಷಿಕೆ ಬಹಳ ಮುಖ್ಯ, ಗೂಗಲ್‌ನಲ್ಲಿ ನೀಲಿ ಅಕ್ಷರದಲ್ಲಿ ಕಾಣೋದು ಹೆಚ್ಚಾಗಿ ಅದೇ. ‘ನಮ್ಮ ತೋಟಕ್ಕೆ ಸ್ವಾಗತ’ ಅಂತ ಯಾರೂ ಹುಡುಕಲ್ಲ. ‘ಕಸಿ ಹಲಸಿನ ಗಿಡಗಳು, ಗುಬ್ಬಿ, ತುಮಕೂರು ಜಿಲ್ಲೆ’ ಅಂತ ಇರಲಿ. ಮೊದಲ ಎರಡು ಸಾಲಲ್ಲೇ ಏನು, ಎಲ್ಲಿ, ಎಷ್ಟು, ಯಾವ ತಿಂಗಳು ಸಿಗುತ್ತೆ ಅಂತ ಹೇಳಿಬಿಡಿ. ಆಮೇಲೆ ಫೋನಲ್ಲಿ ಜನ ಪದೇಪದೇ ಕೇಳೋ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಬೀಜದ ಗಿಡಕ್ಕೆ ಏಳೆಂಟು ವರ್ಷ ಆಗುತ್ತಲ್ಲ, ಕಸಿಗೆ ಎಷ್ಟು? ಎಷ್ಟು ಅಡಿ ಅಂತರ? ಕೆಂಪು ಮಣ್ಣಿಗೆ ಆಗುತ್ತಾ? ಈ ಉತ್ತರಗಳು ನಿಮ್ಮ ಅನುಭವದ್ದಾಗಿದ್ದರೆ ಬೇರೆಲ್ಲೂ ಇರಲ್ಲ, ಅದೇ ನಿಮ್ಮ ಶಕ್ತಿ. ಈಗ ಗೂಗಲ್ ಮೇಲ್ಗಡೆ ಎಐ ಉತ್ತರ ಕೂಡ ತೋರಿಸುತ್ತೆ, ಅದೂ ಯಾರ್ಯಾರದೋ ಪುಟಗಳನ್ನ ಆಧರಿಸಿ ಬರೆಯೋದೇ.

ಫೋಟೊ ನಿಮ್ಮ ತೋಟದ್ದೇ ಹಾಕಿ. ಫೋನಲ್ಲಿ ತೆಗೆದ ಒಂದೊಂದು ಫೋಟೊ ನಾಲ್ಕೈದು ಎಂಬಿ ಇರುತ್ತೆ, ಹಾಗೇ ಹತ್ತು ಹಾಕಿದರೆ ಹಳ್ಳಿ ನೆಟ್‌ವರ್ಕಿನಲ್ಲಿ ಪುಟ ತೆರೆಯೋ ಹೊತ್ತಿಗೆ ಗಿರಾಕಿ ಎದ್ದು ಹೋಗಿರ್ತಾನೆ. ಸುಲಭದ ಉಪಾಯ, ಫೋಟೊವನ್ನು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಎಚ್‌ಡಿ ಆರಿಸದೆ ಕಳಿಸಿಕೊಂಡು ಅದನ್ನೇ ಬಳಸಿ, ಗಾತ್ರ ಇಳಿದಿರುತ್ತೆ. ಫೋಟೊಗೆ ‘ಆಲ್ಟ್ ಟೆಕ್ಸ್ಟ್’ ಅಂತ ಒಂದು ಖಾಲಿ ಜಾಗ ಇರುತ್ತೆ. ಅಲ್ಲಿ ‘ಎರಡು ವರ್ಷದ ಕಸಿ ಹಲಸಿನ ಗಿಡ’ ಅಂತ ಚಿತ್ರದಲ್ಲಿ ಏನಿದೆಯೋ ಅದನ್ನ ಬರೆಯಿರಿ.

ಪುಟ ಸೂಚಿಗೆ ಸೇರಿತಾ ಅಂತ ನೋಡೋಕೆ, ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಸೈಟ್ ಅಂತ ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ಪುಟದ ವಿಳಾಸ ಕೊಡಿ. ಬಂದರೆ ಸೇರಿದೆ. ಹೊಸ ಪುಟ ಸೇರೋಕೆ ಕೆಲವು ದಿನ, ಕೆಲವು ಸಲ ವಾರಗಳೇ ಹಿಡೀತವೆ.

‘ಮೊದಲ ಸ್ಥಾನ ಗ್ಯಾರಂಟಿ ಸರ್’

ಪ್ರೊಫೈಲ್ ಮಾಡಿದ ಸ್ವಲ್ಪ ದಿನಕ್ಕೆ ಕರೆಗಳು ಶುರುವಾಗ್ತವೆ. ಕೆಲವರು ಗೂಗಲ್‌ನಿಂದಲೇ ಮಾತಾಡ್ತಿರೋದು ಅಂತಾರೆ. ಮೊದಲ ಸ್ಥಾನ ಯಾರೂ ಗ್ಯಾರಂಟಿ ಕೊಡೋಕೆ ಆಗಲ್ಲ ಅಂತ ಗೂಗಲ್ ತಾನೇ ಬರೆದುಕೊಂಡಿದೆ. ದುಡ್ಡು ಕೊಟ್ಟರೆ ಜಾಹೀರಾತು ಸಿಗುತ್ತೆ, ಅದರ ಮೇಲೆ ಪ್ರಾಯೋಜಿತ ಅಂತ ಗುರುತು ಇರುತ್ತೆ. ಅದರ ಕೆಳಗಿನ ಸಾಲಿನಲ್ಲಿ ಜಾಗ ಮಾರಾಟಕ್ಕಿಲ್ಲ.

ನಮ್ಮ ಪಕ್ಕದೂರಿನ ಹುಡುಗನೊಬ್ಬ ಹದಿನೆಂಟು ಸಾವಿರ ಕೊಟ್ಟ. ಚೆಂದದ ವೆಬ್‌ಸೈಟ್ ಮಾಡಿಕೊಟ್ಟರು, ಒಳಗಿನ ಬರಹವೆಲ್ಲಾ ಬೇರೆ ಕಡೆಯಿಂದ ಎತ್ತಿದ್ದು. ದುಡ್ಡು ಹೋದದ್ದು ಒಂದು ಕಡೆ ಇರಲಿ. ವೆಬ್‌ಸೈಟಿನ ಹೆಸರನ್ನು, ಅಂದರೆ ಡೊಮೇನನ್ನು, ಅವರು ತಮ್ಮ ಹೆಸರಲ್ಲೇ ನೋಂದಾಯಿಸಿಕೊಂಡಿದ್ದರು. ಅವನ ಬ್ಯುಸಿನೆಸ್ ಪ್ರೊಫೈಲಿಗೂ ಅವರದೇ ಮೇಲ್ ಐಡಿ. ವರ್ಷ ತುಂಬಿದ ಮೇಲೆ ಮತ್ತೆ ಅಷ್ಟೇ ದುಡ್ಡು ಕೇಳಿದರು, ಕೊಡಲ್ಲ ಅಂದಾಗ ವೆಬ್‌ಸೈಟ್ ನಿಂತಿತು. ಅವನ ವಿಸಿಟಿಂಗ್ ಕಾರ್ಡಲ್ಲಿ, ಪಿಕಪ್ ಗಾಡಿ ಮೇಲೆ ಬರೆಸಿದ್ದ ವಿಳಾಸ ಈಗ ತೆರೆಯಲ್ಲ. ಪ್ರೊಫೈಲಿನ ಮಾಲೀಕತ್ವ ಕೊಡಿ ಅಂತ ಗೂಗಲ್ ಮೂಲಕವೇ ಕೋರಿಕೆ ಹಾಕಿಸಿದೆವು, ಅದು ವಾಪಸ್ ಬಂತು, ಅದರ ಜೊತೆ ಹಳೇ ವಿಮರ್ಶೆಗಳೂ ಉಳಿದವು. ಡೊಮೇನ್ ಬರಲಿಲ್ಲ.

ಆದ್ದರಿಂದ ಕೆಲಸ ಯಾರ ಕೈಲಾದರೂ ಮಾಡಿಸಿ, ಡೊಮೇನ್ ನಿಮ್ಮ ಹೆಸರು, ನಿಮ್ಮ ಮೇಲ್, ನಿಮ್ಮ ಫೋನ್ ನಂಬರಲ್ಲಿ ನೋಂದಣಿ ಆಗಬೇಕು. ಪ್ರೊಫೈಲಿನಲ್ಲಿ ಮುಖ್ಯ ಮಾಲೀಕರು ನೀವು, ಬೇರೆಯವರು ಮ್ಯಾನೇಜರ್ ಮಾತ್ರ. ಒಟಿಪಿ ಯಾರಿಗೂ ಹೇಳಬೇಡಿ.

ಸಾವಿರ ರೂಪಾಯಿಗೆ ಐನೂರು ಲಿಂಕ್ ಅಂತಲೂ ಮಾರ್ತಾರೆ. ಇದಕ್ಕೊಂದು ಹಿನ್ನೆಲೆ ಇದೆ. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ, 1998ರಲ್ಲಿ ಗೂಗಲ್ ಕಂಪನಿ ಕಟ್ಟೋಕೆ ಮುಂಚೆ, ಒಂದು ಪುಟಕ್ಕೆ ಬೇರೆ ಪುಟಗಳು ಕೊಟ್ಟ ಲಿಂಕನ್ನು ಸಾಕ್ಷಿಯ ಹಾಗೆ ಲೆಕ್ಕ ಹಾಕೋ ವಿಧಾನ ಕಂಡುಹಿಡಿದರು. ತೂಕ ಇರೋರು ಕೊಟ್ಟ ಸಾಕ್ಷಿಗೆ ಹೆಚ್ಚು ಬೆಲೆ. ಅವತ್ತಿಂದಲೇ ಸುಳ್ಳು ಸಾಕ್ಷಿಯ ಅಂಗಡಿಗಳೂ ಹುಟ್ಟಿಕೊಂಡವು, ಅವುಗಳನ್ನ ಹಿಡಿಯೋಕೆ ಗೂಗಲ್ 2012ರಲ್ಲಿ ಪೆಂಗ್ವಿನ್ ಅನ್ನೋ ಬದಲಾವಣೆಯನ್ನೇ ತಂತು. ನಿಮ್ಮ ಎಫ್‌ಪಿಒ ಪುಟ, ಓದಿದ ಕಾಲೇಜು, ಹಲಸಿನ ಮೇಳದ ವರದಿ ಬರೆದ ಪತ್ರಿಕೆ, ಇಂಥ ಕಡೆಯಿಂದ ಬರೋ ಎರಡು ಲಿಂಕ್ ಆ ಐನೂರಕ್ಕಿಂತ ಮೇಲು. ಮೇಳದಲ್ಲಿ ಪತ್ರಕರ್ತರು ಮಾತಾಡಿಸಿದಾಗ ಫೋನ್ ನಂಬರ್ ಜೊತೆ ಪುಟದ ವಿಳಾಸವನ್ನೂ ಕೊಡಿ.

ಯಾವಾಗ ಶುರು ಮಾಡಬೇಕು

ಇದು ಇವತ್ತು ಬಿತ್ತಿ ನಾಳೆ ಕೊಯ್ಯೋ ಸೊಪ್ಪಲ್ಲ, ತಿಂಗಳುಗಟ್ಟಲೆ ಹಿಡಿಯುತ್ತೆ. ಮಾವಿನ ಬಾಕ್ಸ್ ಮಾರೋರು ಹಣ್ಣು ಕಿತ್ತ ಮೇಲೆ ಪುಟ ಮಾಡಿದರೆ ಗೂಗಲ್ ಗಮನಿಸೋ ಹೊತ್ತಿಗೆ ಸೀಸನ್ ಮುಗಿದಿರುತ್ತೆ. ಮರ ಹೂ ಬಿಡೋ ಹೊತ್ತಿಗೆ ಪುಟ ಇರಬೇಕು. ಗಿಡ ಮಾರೋರದು ಮುಂಗಾರಿಗೆ ಎರಡು ಮೂರು ತಿಂಗಳು ಮುಂಚೆ. ಪ್ರತಿ ವರ್ಷ ಹೊಸ ಪುಟ ಮಾಡಬೇಡಿ, ಅದೇ ಹಳೇ ಪುಟದಲ್ಲಿ ರೇಟು, ತಾರೀಕು ಬದಲಿಸಿ. ಪುಟ ಹಳೆಯದಾದಷ್ಟೂ ಅದಕ್ಕೆ ಸಿಕ್ಕ ಲಿಂಕ್, ಗುರುತು ಉಳಿದುಕೊಳ್ತವೆ.

ಪುಟ ಮಾಡಿದ ದಿನವೇ ಸರ್ಚ್ ಕನ್ಸೋಲ್ ಅನ್ನೋ ಗೂಗಲ್‌ನ ಉಚಿತ ಸೌಲಭ್ಯಕ್ಕೆ ಅದನ್ನ ಸೇರಿಸಿಬಿಡಿ. ಜನ ಏನು ಬರೆದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ ಅದು ತೋರಿಸುತ್ತೆ. ನನ್ನ ಪುಟ ‘ಹಲಸು ಕಸಿ ಕಟ್ಟುವ ವಿಧಾನ’ ಅಂತ ಹುಡುಕಿದವರಿಗೆ ಕಾಣ್ತಾ ಇತ್ತು, ಆದರೆ ಅದರಲ್ಲಿ ಆ ಉತ್ತರವೇ ಇರಲಿಲ್ಲ. ಒಂದು ಸಂಜೆ ಕೂತು ಫೋಟೊ ಸಮೇತ ಬರೆದೆ. ಕಸಿ ಕಲಿಯೋಕೆ ಅಂತ ಓದಿದ ಎಷ್ಟೋ ಜನ ಆಮೇಲೆ ಫೋನ್ ಮಾಡಿ ಗಿಡವನ್ನೇ ತಗೊಂಡು ಹೋದರು.

ಕೊನೆಯದಾಗಿ ನಂಬರಿನ ವಿಷಯ. ಪ್ರೊಫೈಲ್, ಪುಟ, ಬೋರ್ಡ್, ಇನ್‌ಸ್ಟಾಗ್ರಾಂ ಎಲ್ಲಾ ಕಡೆ ಒಂದೇ ಫೋನ್ ನಂಬರ್, ಹೆಸರನ್ನ ಒಂದೇ ರೀತಿ ಬರೆದಿರಲಿ. ಸಿಮ್ ಬದಲಿಸಿದರೆ ಮೊದಲು ಪ್ರೊಫೈಲಿನಲ್ಲಿ ಬದಲಿಸಿ, ಆಮೇಲೆ ಬೋರ್ಡಿಗೆ ಪೇಂಟರ್ ಕರೆಸಿ.